ಕ್ಯಾಂಟನ್ ಪೆಟ್ಟಿಗೆಯ ಗಸಗಸೆ

ಪೆಟ್ಟಿಗೆಯ ಹಿಡಿಗೆ ಕಟ್ಟಿದ್ದ ಚೀಟಿಯಲ್ಲಿ ‘ಟೀ ಚೆಸ್ಟ್, ಕ್ಯಾಂಟನ್’ ಎಂದು ಹಿಂದಿನ ತಲೆಮಾರಿನ ಯಾರೋ ಬಹಳ ಚಂದದ ಅಕ್ಷರದಲ್ಲಿ ಬರೆದಿದ್ದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಚಂದದ ಹ್ಯಾಂಡ್‌ರೈಟಿಂಗ್ ಕಂಡರೆ ಬರೆದದ್ದನ್ನೂ ನಂಬಿಬಿಡುವ ಅಭ್ಯಾಸವನ್ನು ಸಿಸ್ಟರ್‌ಗಳು ಅಂಟಿಸಿಬಿಟ್ಟಿದ್ದರು. ಆದ್ದರಿಂದ ಪೆಟ್ಟಿಗೆಯನ್ನು ಮೊದಲು ಕಂಡ ದಿನ ನಾನೂ ಹೊಸ ಕ್ಯಾಟಲಾಗ್ ಕಾರ್ಡಿನ ಮೇಲೆ ‘ಟೀ ಚೆಸ್ಟ್’ ಎಂದೇ ಟೈಪ್ ಮಾಡಿದೆ. ಆ ಒಂದು ಕಾರ್ಡನ್ನು ಸರಿಮಾಡಲು ನನಗೆ ಐದು ತಿಂಗಳು ಹಿಡಿಯಿತು.

1972ರ ಏಪ್ರಿಲ್ ಅದು. ಷಿಕಾಗೋದಲ್ಲಿ ಸರೋವರದ ಕಡೆಗಿದ್ದ ಒಂದು ಹಳೆಯ, ಸಣ್ಣ ಮ್ಯೂಸಿಯಮ್ಮಿನ ಬೇಸ್‌ಮೆಂಟಿನಲ್ಲಿ ನಾನು ಟೆಂಪೊರರಿ ಕ್ಯಾಟಲಾಗರ್. ಪ್ರತಿ ಆರು ತಿಂಗಳಿಗೊಮ್ಮೆ ಒಂದು ಕಾಗದ ಬರುತ್ತಿತ್ತು, ಇನ್ನಾರು ತಿಂಗಳು ಇರಬಹುದು ಎಂದು. ಅಂಥ ಕಾಗದ ಮೂರು ಸಲ ಬಂದಿತ್ತು. ನನ್ನ ಯಜಮಾನರಿಗೆ ಹಿಂದಿನ ವರ್ಷವೇ ಡೆಟ್ರಾಯ್ಟಿನ ಕಡೆ ಕಾರಿನ ಕಂಪನಿಯೊಂದರಲ್ಲಿ ಕೆಲಸವಾಗಿ, ಅವರು ಅಲ್ಲೊಂದು ಬಾಡಿಗೆ ರೂಮಿನಲ್ಲಿದ್ದರು. ನಾನು ಷಿಕಾಗೋದ ಹೊರಗಿನ ವೆಸ್ಟ್‌ಮಂಟಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಉಳಿದದ್ದು ಈ ಕೆಲಸದ ಆಸೆಗೆ. ಬೆಳಗ್ಗೆ ಟ್ರೈನು, ಆಮೇಲೆ ಬಸ್ಸು, ಆಮೇಲೆ ಬೇಸ್‌ಮೆಂಟಿನ ಇಪ್ಪತ್ತೆರಡು ಮೆಟ್ಟಿಲು. ಸಂಜೆ ಅದೇ ದಾರಿ ಹಿಂದುಮುಂದಾಗಿ. ಮನೆಗೆ ಬಂದು ಕೋಟು ಬಿಚ್ಚದೆ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಆ ವರ್ಷ ನೆನಪಾದರೆ ನನಗೆ ಮೊದಲು ನೆನಪಾಗುವುದು ಆ ಕೋಟಿನ ಭಾರ.

ಫೆಬ್ರವರಿಯಲ್ಲಿ ಪ್ರೆಸಿಡೆಂಟರು ಪೀಕಿಂಗಿಗೆ ಹೋಗಿ ಬಂದದ್ದೇ ತಡ, ಊರಿಗೆಲ್ಲ ಚೀನಾದ ಹುಚ್ಚು ಹಿಡಿಯಿತು. ನಮ್ಮ ಡೈರೆಕ್ಟರಿಗೂ ಹಿಡಿಯಿತು. ಸೆಪ್ಟೆಂಬರಿಗೆ ಕ್ಯಾಂಟನ್ ಬಂದರಿನ ಮೇಲೆ ಎಕ್ಸಿಬಿಷನ್ ಆಗಲೇಬೇಕು ಎಂದರು. ನಮ್ಮ ಕ್ಯುರೇಟರ್ ನನ್ನನ್ನು ಕರೆದು, “ಇದು ನೆಟ್ಟಗೆ ಓಪನ್ ಆಗಲಿ, ನಿಮ್ಮ ಪರ್ಮನೆಂಟ್ ಕಾಗದಕ್ಕೆ ಡೈರೆಕ್ಟರ್ ಸೈನ್ ಹಾಕ್ತಾರೆ. ನನಗೆ ಮಾತು ಕೊಟ್ಟಿದಾರೆ” ಎಂದರು. ಅವರು ಅರುವತ್ತು ದಾಟಿದವರು, ಸದಾ ಹಲ್ಲುನೋವಿನವರು. ಸುಳ್ಳು ಹೇಳುವಷ್ಟು ಉತ್ಸಾಹ ಅವರಲ್ಲಿರಲಿಲ್ಲ. ಅಲ್ಲಿ ಎಲ್ಲರೂ ಆಡಿದ್ದು ಇಂಗ್ಲಿಷೇ. ನನ್ನ ನೆನಪಿನಲ್ಲಿ ಅದು ಕನ್ನಡದಲ್ಲಿ ಉಳಿದಿದೆ, ಹಾಗೇ ಬರೆಯುತ್ತಿದ್ದೇನೆ.

ಕ್ಯಾಂಟನ್ ದಕ್ಷಿಣ ಚೀನಾದಲ್ಲಿ ಪರ್ಲ್ ನದಿಯ ದಡದ ಊರು. ಒಂದು ಕಾಲಕ್ಕೆ ಪಶ್ಚಿಮದ ಹಡಗುಗಳಿಗೆ ಇಡೀ ಚೀನಾದಲ್ಲಿ ತೆರೆದಿದ್ದ ಬಾಗಿಲು ಅದೊಂದೇ. ಊರ ಗೋಡೆಯ ಹೊರಗೆ, ನೀರಿನ ಅಂಚಿನಲ್ಲಿ, ಸಾಲಾಗಿ ಹದಿಮೂರು ಕಟ್ಟಡಗಳು. ವಿದೇಶಿಯರು ವ್ಯಾಪಾರದ ಸೀಸನ್ನಿನಲ್ಲಿ ಅಲ್ಲಿ ಮಾತ್ರ ಇರಬೇಕು. ಗೋಡೆಯೊಳಗೆ ಕಾಲಿಡಕೂಡದು, ಹೆಂಗಸರನ್ನು ಕರೆತರಕೂಡದು, ಸರ್ಕಾರ ಗೊತ್ತುಮಾಡಿದ ಕೆಲವೇ ವರ್ತಕರ ಹತ್ತಿರ ಕೊಳ್ಳಬೇಕು, ಮಾರಬೇಕು. ಆ ಕಟ್ಟಡಗಳಿಗೆ ಇಂಗ್ಲಿಷಿನಲ್ಲಿ ‘ಫ್ಯಾಕ್ಟರಿ’ ಎನ್ನುತ್ತಿದ್ದರು. ಮೊದಲ ವಾರವೆಲ್ಲ ನಾನು ಅಲ್ಲಿ ಏನು ತಯಾರಾಗುತ್ತಿತ್ತು ಎಂದು ಹುಡುಕಿ ಸುಸ್ತಾದೆ. ಏನೂ ತಯಾರಾಗುತ್ತಿರಲಿಲ್ಲ. ಕೆಳಗೆ ಮೂಟೆ, ಮೇಲೆ ಮಾಲೀಕನ ವಾಸ, ಮುಂದೆ ದಲ್ಲಾಳಿ. ಮೈಸೂರಿನ ಸಂತೆಪೇಟೆಯ ಮಂಡಿ ಇದ್ದ ಹಾಗೆ. ‘ಮಂಡಿ’ ಎಂದು ಮನಸ್ಸಿನಲ್ಲಿ ಅಂದುಕೊಂಡ ಮೇಲೆ ಆ ಊರು ನನಗೆ ಸಲೀಸಾಗಿ ಅರ್ಥವಾಗುತ್ತ ಹೋಯಿತು.

ನಾಲ್ಕು ಕೋಣೆಗಳ ಪ್ಲಾನ್. ಮೊದಲನೆಯದರಲ್ಲಿ ಚಹಾ, ರೇಷ್ಮೆ, ಪಿಂಗಾಣಿ. ಎರಡನೆಯದರಲ್ಲಿ ಅದಕ್ಕೆ ಬದಲಾಗಿ ಪಶ್ಚಿಮದಿಂದ ಸುರಿದ ಬೆಳ್ಳಿ. ಮೂರನೆಯದರಲ್ಲಿ ಬ್ರಿಟಿಷರು ಚೀನಾದ ಮೇಲೆ ಮಾಡಿದ ಯುದ್ಧಗಳು. ನಾಲ್ಕನೆಯದರಲ್ಲಿ ಯುದ್ಧಗಳಾದ ಮೇಲಿನ ಊರು: ಹದಿಮೂರು ಮಂಡಿಗಳು ಸುಟ್ಟುಹೋಗಿವೆ, ನದಿಯ ಮರಳುದಿಬ್ಬವೊಂದಕ್ಕೆ ಕಲ್ಲಿನ ಕಟ್ಟೆ ಕಟ್ಟಿ ವಿದೇಶಿಯರು ತಮಗೇ ಒಂದು ದ್ವೀಪ ಮಾಡಿಕೊಂಡಿದ್ದಾರೆ, ವ್ಯಾಪಾರ ಹಾಂಗ್‌ಕಾಂಗಿಗೂ ಶಾಂಘೈಗೂ ಜಾರಿಹೋಗಿದೆ, ಕೆಲಸವಿಲ್ಲದ ಜನ ಹಡಗು ಹತ್ತಿ ದೂರ ದೇಶಗಳಿಗೆ ಹೊರಟಿದ್ದಾರೆ. ನಮ್ಮ ಷಿಕಾಗೋದ ಚೈನಾಟೌನಿನ ಹಳಬರ ಹಿರಿಯರೂ ಅದೇ ಸೀಮೆಯವರು.

ಒಂದೊಂದು ವಸ್ತುವಿಗೆ ಒಂದೊಂದು ಲೇಬಲ್ಲು, ಲೇಬಲ್ಲಿಗೆ ಅರುವತ್ತು ಪದ. ಅರುವತ್ತೊಂದಾದರೆ ಪ್ರಿಂಟರು ವಾಪಸ್ ಕಳಿಸುತ್ತಿದ್ದ. ಟೈಪ್ ಮಾಡುತ್ತ ನನಗೆ ಒಂದು ತೊಡಕು ಕಂಡಿತು. ಎರಡನೆಯ ಕೋಣೆಯಿಂದ ಮೂರನೆಯದಕ್ಕೆ ಮೆಟ್ಟಿಲೇ ಇಲ್ಲ. ಚಹಾ ಕೊಳ್ಳುತ್ತಿದ್ದವರು ಇದ್ದಕ್ಕಿದ್ದ ಹಾಗೆ ಫಿರಂಗಿ ತಂದದ್ದು ಏಕೆ? ‘ವ್ಯಾಪಾರದ ಭಿನ್ನಾಭಿಪ್ರಾಯಗಳಿಂದ’ ಎಂದಷ್ಟೇ ಬರೆದಿತ್ತು.

“ಯಾವ ಭಿನ್ನಾಭಿಪ್ರಾಯ?” ಎಂದು ಕೇಳಿದೆ.

“ಅಫೀಮು. ಚೀನಾದಲ್ಲಿ ನಿಷೇಧ, ಇವರು ಕದ್ದು ತಂದು ಮಾರೋರು. ಚಹಾಕ್ಕೆ ಕೊಟ್ಟ ಬೆಳ್ಳಿಯೆಲ್ಲ ಹಾಗೇ ಇವರ ಕೈಗೆ ವಾಪಸ್ ಬಂತು. ನಿಮಗೂ ಗೊತ್ತು, ನನಗೂ ಗೊತ್ತು.” ಕ್ಯುರೇಟರ್ ದವಡೆ ಹಿಡಿದುಕೊಂಡರು. “ಆದ್ರೆ ತೋರಿಸೋಕೆ ನಮ್ಮ ಹತ್ರ ಒಂದು ವಸ್ತೂ ಇಲ್ಲ. ವಸ್ತು ಇಲ್ಲದೆ ಮಾತಿಲ್ಲ. ಡೈರೆಕ್ಟರ್ ರೂಲ್ ಅದು.”

ಆ ವಾರವೇ ಟೀ ಚೆಸ್ಟಿನ ಕ್ಲೀನಿಂಗ್ ನನ್ನ ಪಾಲಿಗೆ ಬಂತು. ಅದು ಹಲವು ದಶಕಗಳಿಂದ ನಮ್ಮ ಬೇಸ್‌ಮೆಂಟಿನಲ್ಲೇ ಇದ್ದ ಪೆಟ್ಟಿಗೆ. ಕೊಟ್ಟವರು ಡೆಟ್ರಾಯ್ಟಿನ ಒಂದು ಹಳೆಯ ಶ್ರೀಮಂತ ಮನೆತನ. ಅವರ ಪೂರ್ವಿಕನೊಬ್ಬ 1830ರ ಸುಮಾರಿಗೆ, ಮೊದಲ ಯುದ್ಧಕ್ಕೆ ಮುಂಚೆ, ಕ್ಯಾಂಟನ್ನಿನ ಅಮೆರಿಕನ್ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಅದೇ ಮನೆಯಿಂದ ಈಗ ನಮಗೆ ಇನ್ನೊಂದು ವಸ್ತು ಸಾಲವಾಗಿ ಬರಬೇಕಿತ್ತು: ಹದಿಮೂರು ಮಂಡಿಗಳನ್ನೂ ಅವುಗಳ ಬಾವುಟಗಳನ್ನೂ ಬರೆದ ಎಂಟಡಿ ಉದ್ದದ ಚಿತ್ರ. ಮೊದಲ ಕೋಣೆಯ ಇಡೀ ಗೋಡೆ ಅದಕ್ಕಾಗಿ ಖಾಲಿ ಬಿಟ್ಟಿತ್ತು. ಆ ಚಿತ್ರ ಬರದಿದ್ದರೆ ಎಕ್ಸಿಬಿಷನ್ನೇ ಇಲ್ಲ.

ಕ್ಲೀನಿಂಗಿಗೆ ಒಂದು ಕ್ರಮವಿತ್ತು. ಮೊದಲು ಅಳತೆ. ಆಮೇಲೆ ಮೆತ್ತನೆ ಬ್ರಷ್ಷು, ಬಾಯಿಗೆ ಬಲೆ ಕಟ್ಟಿದ ವ್ಯಾಕ್ಯೂಮ್. ಉದುರಿದ ಕಸವನ್ನೂ ಎಸೆಯುವ ಹಾಗಿಲ್ಲ, ಕವರಿಗೆ ಹಾಕಿ ನಂಬರ್ ಬರೆಯಬೇಕು. ಅಳೆಯುತ್ತಲೇ ನನಗೆ ಅನುಮಾನ ಬಂತು. ಚಹಾ ಪೆಟ್ಟಿಗೆಯ ಒಳಗೆ ಸೀಸದ ತಗಡು ಹೊದಿಸುತ್ತಾರೆ, ಗಾಳಿಗೆ ಚಹಾ ಕೆಡಬಾರದು ಎಂದು. ಇದರಲ್ಲಿ ತಗಡೂ ಇಲ್ಲ, ತಗಡು ಹೊಡೆದ ಮೊಳೆಯ ಗುರುತೂ ಇಲ್ಲ. ಬದಲಿಗೆ ಒಳಗೋಡೆಗಳಲ್ಲಿ ಗೆರೆ ಗೆರೆಯಾಗಿ ಕಚ್ಚು ಕೊರೆದಿತ್ತು. ಅಡ್ಡಹಲಗೆ ಸಿಕ್ಕಿಸುವ ಕಚ್ಚುಗಳು. ಎಣಿಸಿದೆ: ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು. ಅಂದರೆ ಐದು ನಾಲ್ಕಲಿ ಇಪ್ಪತ್ತು ಗೂಡು. ಮೇಲೊಂದು ಅಂಥದ್ದೇ ಪದರ. ಒಟ್ಟು ನಲವತ್ತು ಗೂಡು. ಚಹಾವನ್ನು ಯಾರಾದರೂ ಗೂಡಿನಲ್ಲಿ ಇಡುತ್ತಾರೆಯೇ? ಮರ ನೋಡಿದೆ. ಒರಟು, ಮಾಸಲು ಹಳದಿ, ನಡುವೆ ಕಪ್ಪು ಗೆರೆ. ಮೈಸೂರಿನಲ್ಲಿ ನಮ್ಮ ಮನೆಯ ಅಟ್ಟಕ್ಕೆ ಹಾಕಿದ್ದ ಮಾವಿನ ಹಲಗೆಯ ಹಾಗಿತ್ತು.

ಮೊಂಡು ಸೂಜಿಯಿಂದ ತಳದ ಸಂದು ಕೆದಕಿದೆ. ಒಣಗಿದ ಎಲೆಯ ಪುಡಿ, ಯಾವುದೋ ಕಾಯಿಯ ಸಿಪ್ಪೆಯ ಚೂರು, ಅದರ ಜತೆ ಸಣ್ಣ ಸಣ್ಣ ಕಾಳು ಬಿಳಿ ಕಾಗದದ ಮೇಲೆ ಉದುರಿದವು. ಮುಂದೆ ನಾನು ಮಾಡಿದ್ದು ಯೋಚನೆ ಮಾಡಿ ಮಾಡಿದ್ದಲ್ಲ. ನಾಲ್ಕೈದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡೆ, ಮುಂದಿನ ಹಲ್ಲಿನ ನಡುವೆ ಇಟ್ಟು ಕಟುಂ ಎಂದು ಕಡಿದೆ. ದಿನಸಿ ಅಂಗಡಿಯಲ್ಲಿ ನಮ್ಮತ್ತೆ ಹಾಗೇ ಮಾಡುತ್ತಿದ್ದರು, ಗಸಗಸೆ ಮುಗ್ಗಿದೆಯೋ ಹೇಗೆ ಎಂದು ನೋಡಲು. ನಾನೂ ಎಷ್ಟೋ ಸಲ ಮಾಡಿದ್ದೆ.

ಕಮಟು. ಆದರೆ ಗಸಗಸೆಯೇ.

ತಲೆ ಎತ್ತಿದರೆ ಕ್ಯುರೇಟರ್ ಬಾಗಿಲಲ್ಲಿ ನಿಂತಿದ್ದರು.

“ನೀವು ಈಗ ಏನೋ ತಿಂದ್ರಿ” ಎಂದರು.

“ಹೌದು ಸಾರ್.”

“ಪೆಟ್ಟಿಗೆಯಿಂದ.”

“ಹೌದು.”

“ಮೂವತ್ತು ವರ್ಷ ಸರ್ವಿಸ್ ಮಾಡಿದೀನಿ. ಎಕ್ಸಿಬಿಟ್ ಒಡೆದವರನ್ನ ನೋಡಿದೀನಿ, ಕದ್ದವರನ್ನ ನೋಡಿದೀನಿ. ತಿಂದವರನ್ನ ಇವತ್ತೇ ನೋಡಿದ್ದು!” ಆಮೇಲೆ ಅವರ ಮುಖ ಬಿಳಿಚಿಕೊಂಡಿತು. “ಅಯ್ಯೋ ದೇವರೇ, ಹುಳ ಹಿಡೀಬಾರದು ಅಂತ ಇಲ್ಲಿ ಎಲ್ಲದಕ್ಕೂ ಆರ್ಸೆನಿಕ್ ಹಾಕ್ತಿದ್ರು. ಉಗೀರಿ! ಬಾಯಿ ತೊಳ್ಕೊಳ್ಳಿ!”

ಬಾಯಿ ತೊಳೆದದ್ದಾಯಿತು, ಡಾಕ್ಟರಿಗೆ ಫೋನ್ ಮಾಡಿದ್ದಾಯಿತು. ಸಂಜೆವರೆಗೆ ಅವರು ಅರ್ಧ ಗಂಟೆಗೊಮ್ಮೆ ಬಂದು ನಾನು ಬದುಕಿದ್ದೇನೆಯೇ ಎಂದು ನೋಡಿಹೋಗುತ್ತಿದ್ದರು. ನಾಲ್ಕನೆಯ ಸಲ ಬಂದಾಗ ನಾನು ಹೇಳಿದೆ: “ಸಾರ್, ಇದು ಪಾಪಿ ಸೀಡ್. ನಮ್ಮೂರಲ್ಲಿ ಇದರ ಪಾಯಸ ಮಾಡ್ತೀವಿ. ಅಫೀಮಿನ ಗಿಡದ ಕಾಳೇ ಇದು. ಇದು ಟೀ ಚೆಸ್ಟ್ ಅಲ್ಲ.”

ಅವರು ಪೆಟ್ಟಿಗೆಯ ಪಕ್ಕ ಕೂತರು. ಎರಡು ದಿನ ಇಬ್ಬರೂ ಲೈಬ್ರರಿಯಲ್ಲಿ ಹುಡುಕಿದೆವು. ಪಾಟ್ನಾ ಕಡೆಯ ಅಫೀಮನ್ನು ಉಂಡೆ ಕಟ್ಟಿ, ಒಂದು ಪೆಟ್ಟಿಗೆಗೆ ನಲವತ್ತು ಉಂಡೆ, ಎರಡು ಪದರವಾಗಿ, ಒಂದಕ್ಕೊಂದು ತಾಗದ ಹಾಗೆ ಗೂಡಿನಲ್ಲಿ ಇಡುತ್ತಿದ್ದರಂತೆ. ನಡುವೆ ಅದೇ ಗಿಡದ ಒಣಗಿದ ಎಲೆ, ಕಾಯಿಗಳ ಪುಡಿ ತುಂಬುತ್ತಿದ್ದರಂತೆ. ಪೆಟ್ಟಿಗೆ ಮಾವಿನ ಮರದ್ದು.

ಅವರು ಸಂತೋಷಪಡಲಿಲ್ಲ. “ಪೆಟ್ಟಿಗೆ ಕೊಟ್ಟ ಮನೆಯವರು ಒಪ್ಪಲ್ಲ” ಎಂದರು. “ರಿಜಿಸ್ಟರ್‌ನಲ್ಲಿ ನೋಡಿ, ಇಲ್ಲಿಗೆ ಬರೋಕೆ ಮುಂಚೆ ಇದು ಅವರ ಅಡಿಗೆಮನೆ ಪ್ಯಾಂಟ್ರಿಯಲ್ಲಿತ್ತು. ಅವರ ಅಡಿಗೆಯವಳು ಪೋಲಿಷ್. ಪೋಲಿಷ್ ಜನ ಗಸಗಸೆ ತುಂಬಿ ಕೇಕ್ ಮಾಡ್ತಾರೆ. ಕಾಳು ಅಲ್ಲಿಂದ ಬಿತ್ತು ಅಂದ್ರೆ ಏನ್ ಹೇಳ್ತೀರಿ?”

ಆ ಶನಿವಾರ ಮಿಲ್ವಾಕಿ ಅವೆನ್ಯೂವಿನ ಪೋಲಿಷ್ ಅಂಗಡಿಗೆ ಹೋಗಿ ಗಸಗಸೆ ಕೇಳಿದೆ. ಅಂಗಡಿಯಾಕೆ ಕಾಗದಕ್ಕೆ ಸುರಿದಾಗ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ. ಕಾಡಿಗೆಯ ಹಾಗೆ ನೀಲಿಗಪ್ಪು! ನನಗೆ ಗೊತ್ತಿದ್ದ ಗಸಗಸೆ ಬಿಳಿಯದು. ಮನೆಗೆ ಬಂದು ಹಾರ್ಲಿಕ್ಸ್ ಬಾಟಲಿಯಲ್ಲಿದ್ದ ನಮ್ಮ ಗಸಗಸೆಯನ್ನು ಒಂದು ಖಾಲಿ ಮಾತ್ರೆ ಶೀಷೆಗೆ ಹಾಕಿದೆ. ಮೈಸೂರಿನಿಂದ ಬರುವಾಗ ತಂದದ್ದು, ಹಬ್ಬಕ್ಕೆ ಎಂದು ಚಮಚದಲ್ಲಿ ಅಳೆದು ಇಟ್ಟುಕೊಂಡಿದ್ದೆ. ಇನ್ನೊಂದು ಶೀಷೆಗೆ ಪೋಲಿಷ್ ಗಸಗಸೆ. ಸೋಮವಾರ ಎರಡನ್ನೂ ಪೆಟ್ಟಿಗೆಯ ಕಾಳಿನ ಪಕ್ಕ ಇಟ್ಟೆ. ಪೆಟ್ಟಿಗೆಯದು ಬಿಳುಪು ಮಾಸಿ ಹಳದಿಯಾಗಿತ್ತು, ಕಪ್ಪಂತೂ ಅಲ್ಲ. ಕ್ಯುರೇಟರ್ ಮೂರನ್ನೂ ಒಬ್ಬ ಬಾಟನಿ ಪ್ರೊಫೆಸರಿಗೆ ಕಳಿಸಿದರು. ಮೂರು ವಾರದ ಮೇಲೆ ಎರಡು ಸಾಲಿನ ಉತ್ತರ ಬಂತು: ಮೂರೂ ಒಂದೇ ಗಿಡದ ಕಾಳುಗಳು, ಪೆಟ್ಟಿಗೆಯದು ಬಿಳಿ ತಳಿ, ಇಂಡಿಯಾದ ಮಾದರಿಯನ್ನು ಹೋಲುತ್ತದೆ.

ಜೂನ್ ತಿಂಗಳಿಗೆ ನನ್ನ ರಿಪೋರ್ಟು ಡೈರೆಕ್ಟರ ಮೇಜಿಗೆ ಹೋಯಿತು, ಅಲ್ಲೇ ಕೂತಿತು. ಜುಲೈ ಮಧ್ಯಕ್ಕೆ ಕ್ಯುರೇಟರ್ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತು ಹೇಳಿದರು: “ಪೆಟ್ಟಿಗೆ ಬೇಸ್‌ಮೆಂಟಲ್ಲೇ ಇರಲಿ ಅಂತ ಡೈರೆಕ್ಟರ್ ಹೇಳಿದಾರೆ. ಟೀ ಅಂತಾನೂ ಬೇಡ, ಅಫೀಮು ಅಂತಾನೂ ಬೇಡ. ಚಿತ್ರ ಇನ್ನೂ ಬಂದಿಲ್ಲ. ಆ ಮನೆ ಯಜಮಾನಿಗೆ ಎಂಬತ್ತು ವರ್ಷ. ಆ ಗುಮಾಸ್ತ ಮುತ್ತಜ್ಜ ಅಂದ್ರೆ ದೇವರು.” ಸ್ವಲ್ಪ ತಡೆದು, “ನಿಮ್ಮ ಕಾಗದಾನೂ ಡೈರೆಕ್ಟರ್ ಮೇಜಿನ ಮೇಲೇ ಇದೆ” ಎಂದರು.

ಹೆದರಿಸಿದ್ದಲ್ಲ ಅದು. ನನ್ನ ಮೇಲಿನ ಮರುಕದಿಂದಲೇ ಹೇಳಿದ್ದು.

ನಾನು ಸರಿ ಎಂದೆ. ಮೂರನೆಯ ಕೋಣೆಯ ಲೇಬಲ್ಲಿಗೆ ‘ವ್ಯಾಪಾರದ ಭಿನ್ನಾಭಿಪ್ರಾಯಗಳಿಂದ’ ಎಂದು ಮತ್ತೆ ಟೈಪ್ ಮಾಡಿದೆ, ಹದಿನಾಲ್ಕನೆಯ ಸಲವೋ ಏನೋ. ಬಹಳ ಸುಸ್ತಾಗಿತ್ತು. ಸಂಜೆ ಟ್ರೈನಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ, ಒಂದು ಪೆಟ್ಟಿಗೆಗೆ ನಾನ್ಯಾಕೆ ಇಷ್ಟು ಒದ್ದಾಡಬೇಕು, ಕೆಲಸ ಪರ್ಮನೆಂಟ್ ಆದರೆ ಸಾಕಪ್ಪ ಎನಿಸಿತು. ಮೂರು ದಿನ ಹಾಗೇ ಇದ್ದೆ. ನಾಲ್ಕನೆಯ ದಿನ ಪೆಟ್ಟಿಗೆಗೆ ನಂಬರ್ ಬರೆಯಬೇಕಾಗಿ ಬಂತು. ಸಣ್ಣ ಬ್ರಷ್ಷಿನಲ್ಲಿ ಕಪ್ಪು ಮಸಿಯಿಂದ ಬರೆಯುವುದು. ಆ ಮಸಿಗೆ ‘ಇಂಡಿಯಾ ಇಂಕ್’ ಎನ್ನುತ್ತಾರೆ. ಮೂಲದಲ್ಲಿ ಅದು ಚೀನಾದ ಮಸಿ. ಹೆಸರು ತಪ್ಪಿ ಎಷ್ಟೋ ಕಾಲವಾಗಿದೆ, ಯಾರೂ ಈಗ ಸರಿಮಾಡುವುದಿಲ್ಲ. ಬ್ರಷ್ಷು ಹಿಡಿದುಕೊಂಡೇ ನಾನು ಬಹಳ ಹೊತ್ತು ಕೂತಿದ್ದೆ. ಈ ಪೆಟ್ಟಿಗೆಯದೂ ಹಾಗೇ ಆಗುತ್ತದೆ. ನಾನು ಟೈಪ್ ಮಾಡಿದ ‘ಟೀ ಚೆಸ್ಟ್’ ಕಾರ್ಡು ಇನ್ನೂ ನೂರು ವರ್ಷ ಆ ಡ್ರಾಯರಿನಲ್ಲಿರುತ್ತದೆ. ಹ್ಯಾಂಡ್‌ರೈಟಿಂಗಿನ ಬದಲು ಟೈಪಾಗಿರುವುದರಿಂದ ಇನ್ನೂ ಹೆಚ್ಚು ನಂಬುತ್ತಾರೆ.

ಕ್ಯುರೇಟರ ರೂಮಿಗೆ ಹೋದೆ. “ಶುಕ್ರವಾರ ರಜ ಬೇಕು ಸಾರ್. ಡೆಟ್ರಾಯ್ಟಿಗೆ ಯಜಮಾನರ ಹತ್ರ ಹೋಗ್ತೀನಿ. ಹಾಗೇ ಆ ಮನೆಗೂ ಹೋಗಿ ಬರೋಣ ಅಂತ.”

“ರಜ ಅನ್ನೋದು ಕೇಳಿಸ್ತು” ಎಂದರು, ಕಾಗದದಿಂದ ತಲೆ ಎತ್ತದೆ. “ಮಿಕ್ಕಿದ್ದು ಕೇಳಿಸಲಿಲ್ಲ. ಈ ಹಲ್ಲುನೋವು ಇದೆಯಲ್ಲ, ಕಿವಿಗೂ ಬರತ್ತೆ.”

ಡೆಟ್ರಾಯ್ಟಿನ ಬಸ್‌ಸ್ಟ್ಯಾಂಡಿನಲ್ಲಿ ಯಜಮಾನರು ಕಾದಿದ್ದರು. ಕಾರಿನಲ್ಲಿ ಎಲ್ಲ ಹೇಳಿದೆ. ಕಾಳು ಕಡಿದ ವಿಷಯ ಕಾಗದದಲ್ಲಿ ಬರೆದಿರಲಿಲ್ಲ, ಅದನ್ನೂ ಹೇಳಿದೆ. ಅವರು ನಗು ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು.

“ಅಲ್ಲ ಕಣೇ, ನೂರು ವರ್ಷ ದಾಟಿದ ಗಸಗಸೆ! ನಿನಗೆ ನಾನೇನು ಹೊಟ್ಟೆಗೆ ಹಾಕ್ತಿಲ್ವೇನೇ?”

“ನಗಬೇಡಿ. ಕೆಲಸ ಹೋಗೋ ಹಾಗಿದೆ.”

“ಹೋದ್ರೆ ಇಲ್ಲಿಗೆ ಬಂದ್ಬಿಡು. ನನಗೂ ದಿನಾ ಬ್ರೆಡ್ಡು ತಿಂದು ಸಾಕಾಗಿದೆ.”

“ನಿಮಗೆ ಅಡಿಗೆಯವಳು ಬೇಕು, ಅಷ್ಟೇ.”

ಅವರ ನಗು ನಿಂತಿತು. “ಹಾಗಲ್ಲ. ಆ ಕೆಲಸ ನಿನಗೆ ಎಷ್ಟು ಇಷ್ಟ ಅಂತ ನನಗೆ ಗೊತ್ತಿಲ್ವೇ? ಇಷ್ಟ ಇಲ್ದಿದ್ರೆ ಒಂದೂವರೆ ವರ್ಷ ಹೀಗೆ ಎರಡು ಕಡೆ ಇರ್ತಿದ್ವಾ?” ಗೇರ್ ಹಾಕುತ್ತ ಮತ್ತೆ ಅಂದರು, “ನೀನು ಹೋಗಿ ಹೇಳೋದು ಹೇಳ್ಬಿಡು. ನಾನು ಹೊರಗೆ ಕಾರಲ್ಲೇ ಕೂತಿರ್ತೀನಿ. ಒಳಗೇನಾದ್ರೂ ತಿನ್ನೋಕೆ ಕೊಟ್ರೆ ಮೊದಲು ಹಲ್ಲಲ್ಲಿ ಕಡಿದು ನೋಡು.”

ಡೆಟ್ರಾಯ್ಟಿನ ಅಂಚಿನ ಗ್ರೋಸ್ ಪಾಯಿಂಟಿನಲ್ಲಿದ್ದ ಆ ಮನೆ ಸರೋವರಕ್ಕೆ ಮುಖಮಾಡಿತ್ತು. ಅಗ್ಗಿಷ್ಟಿಕೆಯ ಮೇಲೆ ಆ ಚಿತ್ರ. ಹದಿಮೂರು ಮಂಡಿ, ಹತ್ತಾರು ದೋಣಿ, ನೀರಿನ ಅಂಚಿನಲ್ಲಿ ಇರುವೆಗಳ ಹಾಗೆ ಜನ. ಫೋಟೋದಲ್ಲಿ ಮಾತ್ರ ನೋಡಿದ್ದೆ. ಎದುರು ನಿಂತಾಗ ಬಂದ ಕೆಲಸ ಒಂದು ಕ್ಷಣ ಮರೆತುಹೋಯಿತು. ಯಜಮಾನಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕಿವಿಗೆ ಮೆಷಿನ್.

“ಇಂಡಿಯಾದವರಾ? ಇಂಗ್ಲಿಷ್ ಚೆನ್ನಾಗಿ ಮಾತಾಡ್ತೀರಿ.”

“ನನ್‌ಗಳು ಕಲಿಸಿದ್ದು ಮೇಡಂ.”

“ಅದಕ್ಕೇ ಅಷ್ಟು ನೆಟ್ಟಗೆ ಕೂತಿದ್ದೀರಿ.”

ಎರಡು ಶೀಷೆಗಳನ್ನು ಟೀ ಟೇಬಲ್ಲಿನ ಮೇಲೆ ಇಟ್ಟೆ, ಪ್ರೊಫೆಸರ ಪತ್ರ ಇಟ್ಟೆ. ತಗಡಿಲ್ಲದ್ದು, ನಲವತ್ತು ಗೂಡು, ಮಾವಿನ ಮರ, ಒಂದೊಂದಾಗಿ ಹೇಳಿದೆ. ಅವರು ಕಪ್ಪು ಗಸಗಸೆಯ ಶೀಷೆಯನ್ನು ಎತ್ತಿ ಬೆಳಕಿಗೆ ಹಿಡಿದರು.

“ಇದು ನಮ್ಮ ಅಡಿಗೆಯವಳದು. ಕ್ರಿಸ್‌ಮಸ್‌ಗೆ ರೋಲ್ ಮಾಡೋಳು. ಹಲ್ಲಿಗೆಲ್ಲ ಅಂಟ್ಕೊಳ್ಳೋದು, ಫೋಟೋದಲ್ಲಿ ನಾವೆಲ್ಲ ಹಲ್ಲಿಲ್ಲದವರ ಹಾಗೆ ಬಂದಿದೀವಿ.” ಬಿಳಿಯದನ್ನು ಎತ್ತಿದರು. “ಇದನ್ನ ನಾನು ನಮ್ಮನೇಲಿ ಕಂಡೇ ಇಲ್ಲ.”

ಆಮೇಲೆ ಶೀಷೆ ಕೆಳಗಿಟ್ಟು ಪ್ರೊಫೆಸರ ಪತ್ರವನ್ನು ಎರಡೆರಡು ಸಲ ಓದಿದರು. ಚಿತ್ರ ಹೋಯಿತು, ಕೆಲಸ ಹೋಯಿತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಮುಗಿಸಿದೆ.

“ಲೇಬಲ್ ಏನಂತ ಬರೀತೀರಿ? ಓದಿ.”

ಚೀಟಿ ತೆಗೆದು ಓದಿದೆ. ಬ್ರಿಟಿಷ್, ಅಮೆರಿಕನ್ ವ್ಯಾಪಾರಿಗಳು ನಿಷೇಧವಿದ್ದರೂ ಇಂಥ ಪೆಟ್ಟಿಗೆಗಳಲ್ಲಿ ಕ್ಯಾಂಟನ್ನಿಗೆ ಅಫೀಮು ಸಾಗಿಸಿದರು. ಚೀನಾದ ಸರ್ಕಾರ ಮಾಲು ಹಿಡಿದು ನಾಶಮಾಡಿತು. ಬ್ರಿಟಿಷ್ ಯುದ್ಧನೌಕೆಗಳು ಬಂದವು. ಊರು ಮೊದಲಿನ ಹಾಗೆ ಉಳಿಯಲಿಲ್ಲ. ಸರಿಯಾಗಿ ಅರುವತ್ತು ಪದ.

“ಸಾಗಿಸಿದರು, ಎಲ್ಲಿಂದ?”

“ಪೂರ್ವ ದೇಶಗಳಿಂದ.”

“ಚೀನಾನೇ ಪೂರ್ವ ಅಲ್ವಾ? ಇನ್ಯಾವ ಪೂರ್ವ?”

ನಾನು ಚೀಟಿ ನೋಡಿದೆ.

“ಬಿಳಿ ಗಸಗಸೆ ನಿಮ್ಮದು ಅಂತ ಈಗ ತಾನೇ ಹೇಳಿದ್ರಿ” ಎಂದರು ಅವರು. “ನಮ್ಮ ಮುತ್ತಜ್ಜನ ದೇಶದ ಹೆಸರು ಇದೆ. ನಿಮ್ಮ ದೇಶದ ಹೆಸರು ಎಲ್ಲಿ?”

ನಿಜ ಹೇಳಬೇಕೆಂದರೆ ನನಗೆ ಆ ತನಕ ಅದು ಹೊಳೆದೇ ಇರಲಿಲ್ಲ. ಮೊದಲ ಕರಡಿನಲ್ಲಿ ಎಂಬತ್ತು ಪದಗಳಿದ್ದವು. ಇಂಡಿಯಾದ ಹೆಸರೂ ಇತ್ತು. ಅರುವತ್ತಕ್ಕೆ ಇಳಿಸುವಾಗ ನಾನು ಮೊದಲು ಹೊಡೆದುಹಾಕಿದ ಪದ ಅದು. ಜಾಗಕ್ಕಾಗಿ ಎಂದುಕೊಂಡಿದ್ದೆ.

“ಮೇಡಂ, ಅಲ್ಲಿ ರೈತರಿಗೆ ಬೇರೆ ದಾರಿ ಇರಲಿಲ್ಲ. ಬ್ರಿಟಿಷರು ಮುಂಗಡ ಕೊಟ್ಟು ಬೆಳೆಸೋರು.”

“ವ್ಯಾಪಾರಿಗಳು? ಬಾಂಬೆಯವರು ಯಾರೂ ಸಾಗಿಸಲಿಲ್ವಾ?”

“...ಸಾಗಿಸಿದ್ರು.”

“ನಮ್ಮ ಮುತ್ತಜ್ಜ ಕ್ಯಾಂಟನ್ನಿಗೆ ಹೋದಾಗ ಹತ್ತೊಂಬತ್ತು ವರ್ಷ. ಹೇಳಿದ್ದನ್ನ ಬರೆದುಕೊಳ್ಳೋ ಗುಮಾಸ್ತ. ಅವನಿಗೂ ಬೇರೆ ದಾರಿ ಇರಲಿಲ್ಲ ಅಂತ ನಾನೂ ಹೇಳಬಹುದು.” ಅವರ ದನಿಯಲ್ಲಿ ಕೋಪವಿರಲಿಲ್ಲ, ಅವರಿಗೂ ಆಯಾಸವಾಗಿತ್ತು. “ಟೀ ಚೆಸ್ಟ್ ಅಂತ ನಮ್ಮಜ್ಜಿ ಹೇಳಿದ್ರು, ನಾವು ನಂಬಿದ್ವಿ. ಅಜ್ಜಿಗೆ ಗೊತ್ತಿತ್ತೋ ಇಲ್ವೋ. ನೀವು ನಿಮ್ಮದನ್ನ ಬರೀರಿ, ನಾನು ನಮ್ಮದಕ್ಕೆ ಸೈನ್ ಹಾಕ್ತೀನಿ. ಒಂದು ಬಿಟ್ಟು ಒಂದು ಆಗಲ್ಲ.”

ಅಲ್ಲೇ, ಆ ಟೇಬಲ್ಲಿನ ಮೇಲೇ, ಪೆನ್ಸಿಲಿನಲ್ಲಿ ಮತ್ತೆ ಬರೆದೆ. ಕನ್ನಡಕ್ಕೆ ತಂದರೆ ಹೀಗೆ: ‘ಅಫೀಮಿನ ಪೆಟ್ಟಿಗೆ, ಮಾವಿನ ಮರ. ಇಂಡಿಯಾದ ರೈತರು ಬೆಳೆದರು; ಬ್ರಿಟಿಷ್ ಕಂಪನಿ ಹರಾಜು ಹಾಕಿತು; ಇಂಡಿಯಾದ, ಬ್ರಿಟನ್ನಿನ, ಅಮೆರಿಕದ ವ್ಯಾಪಾರಿಗಳು ಲಾಭ ಮಾಡಿದರು. ಚೀನಾದಲ್ಲಿ ಇದು ನಿಷಿದ್ಧ. ಸರ್ಕಾರ ಮಾಲನ್ನು ನಾಶಮಾಡಿದಾಗ ಯುದ್ಧ ಬಂತು. ಕ್ಯಾಂಟನ್ ಮೊದಲಿನ ಹಾಗೆ ಉಳಿಯಲಿಲ್ಲ. ಮೊದಲ ಕೋಣೆಯ ಚಿತ್ರದ ಮಾಲೀಕರ ಮನೆಯ ಕೊಡುಗೆ.’ ಯಜಮಾನಿ ಬೆರಳು ಮಡಿಸಿ ಪದ ಎಣಿಸಿದರು. ಐವತ್ತೆಂಟು. ಇಂಡಿಯಾ ಎರಡು ಸಲ ಬಂದರೂ ಜಾಗ ಮಿಕ್ಕಿತ್ತು. ಅವರು ಕೆಳಗೆ ಸೈನ್ ಹಾಕಿದರು.

ಕಾರಿಗೆ ಬಂದೆ. “ಏನಾಯ್ತು?” ಎಂದರು ಯಜಮಾನರು. “ಗೆದ್ದೆ ಅನ್ಸತ್ತೆ” ಎಂದೆ. “ಮತ್ಯಾಕೆ ಮುಖ ಹೀಗಿದೆ?” ಎಂದರು. ನಾನು ಕಿಟಕಿ ಇಳಿಸಿ ಕೂತೆ.

ಚಿತ್ರ ಆಗಸ್ಟಿನಲ್ಲಿ ಬಂತು. ಪೆಟ್ಟಿಗೆ ಎರಡನೆಯ ಕೋಣೆಗೂ ಮೂರನೆಯದಕ್ಕೂ ನಡುವಿನ ಬಾಗಿಲಲ್ಲಿ ಕೂತಿತು. ಬೆಳ್ಳಿ ನೋಡಿ ಯುದ್ಧಕ್ಕೆ ಹೋಗುವವರು ಅದನ್ನು ಬಳಸಿಕೊಂಡೇ ಹೋಗಬೇಕು. ಸೆಪ್ಟೆಂಬರಿನಲ್ಲಿ ಎಕ್ಸಿಬಿಷನ್ ನೆಟ್ಟಗೆ ಓಪನ್ ಆಯಿತು. ಮೊದಲ ಕೋಣೆಯಲ್ಲಿ ಜನ ಬಹಳ ಹೊತ್ತು ನಿಲ್ಲುತ್ತಿದ್ದರು, ಚಿತ್ರ ಅಷ್ಟು ಚೆನ್ನಾಗಿತ್ತು. ಪೆಟ್ಟಿಗೆಯ ಹತ್ತಿರ ನಿಂತವರು ಕಡಿಮೆ. ನಿಂತವರು ಮಾತ್ರ ಲೇಬಲ್ಲು ಓದಿ, ಬಗ್ಗಿ ಒಳಗೆ ನೋಡುತ್ತಿದ್ದರು, ಖಾಲಿ ಎಂದು ಗೊತ್ತಿದ್ದರೂ.

ಒಂದು ವಾರದ ಮೇಲೆ ಕ್ಯುರೇಟರ್ ಬೇಸ್‌ಮೆಂಟಿಗೆ ಇಳಿದು ಬಂದರು. ಅವರು ಮೆಟ್ಟಿಲಿಳಿಯುವ ಸದ್ದಿನಲ್ಲೇ ನನಗೆ ತಿಳಿಯಿತು.

“ನಿಮ್ಮ ಕೆಲಸದ ಮೇಲೆ ಡೈರೆಕ್ಟರಿಗೆ ಏನೂ ಕಂಪ್ಲೇಂಟ್ ಇಲ್ಲ” ಎಂದರು. “ನೀವು ಹೋದ ದಾರಿ ಮೇಲೆ ಇದೆ. ಹೇಳದೆ ಕೇಳದೆ ಡೋನರ್ ಮನೆಗೆ ಹೋದ್ರಿ ಅಂತ. ಈ ಸಲ ಕಾಗದ ಬರಲ್ಲ. ಆರು ತಿಂಗಳದೂ ಬರಲ್ಲ.” ದವಡೆ ಮುಟ್ಟಿಕೊಂಡರು. “ನನಗೆ ಕೇಳಿಸಿತ್ತು ಅಂತ ಹೇಳಿದೆ. ಪ್ರಯೋಜನ ಆಗಲಿಲ್ಲ.”

“ಹೇಳಬೇಕಾಗಿರಲಿಲ್ಲ ಸಾರ್.”

“ಹೇಳಿಬಿಟ್ಟೆ.”

ನನಗೆ ಎರಡು ವಾರವಿತ್ತು. ಅಳುವುದೇನೂ ಅಳಲಿಲ್ಲ, ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಉಳಿದ ಕಾರ್ಡುಗಳನ್ನು ಒಂದೊಂದಾಗಿ ಮುಗಿಸಿದೆ. ಪೆಟ್ಟಿಗೆಯದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹಳೆಯ ಕಾರ್ಡನ್ನು ಹರಿಯುವ ಹಾಗಿಲ್ಲ. ಮೇಲೆ ಒಂದು ಗೆರೆ ಎಳೆದು ಹಿಂದೆ ಸಿಕ್ಕಿಸಬೇಕು. ಗೆರೆ ಎಳೆದೆ. ಹೊಸ ಕಾರ್ಡಿನ ಮೇಲೆ ‘ಅಫೀಮಿನ ಪೆಟ್ಟಿಗೆ, ಇಂಡಿಯಾ, ಕ್ಯಾಂಟನ್ನಿನ ವ್ಯಾಪಾರಕ್ಕೆ ಬಳಸಿದ್ದು’ ಎಂದು ಟೈಪ್ ಮಾಡಿದೆ.

ಕಸದ ಕವರಿಗೂ ಪ್ರತ್ಯೇಕ ಕಾರ್ಡು ಬೇಕಿತ್ತು. ಕಾಳುಗಳನ್ನು ಕಾಗದದ ಮೇಲೆ ಹರಡಿ, ಸೂಜಿಯ ತುದಿಯಿಂದ ಸರಿಸುತ್ತ ಎಣಿಸಿದೆ. ಗುರುತಿಸಿದ ಕ್ರಮ ಎನ್ನುವ ಗೆರೆಯ ಮುಂದೆ ಎಲ್ಲರೂ ‘ಕಣ್ಣಿನ ನೋಟ’ ಅಥವಾ ‘ಮೈಕ್ರೋಸ್ಕೋಪ್’ ಎಂದು ಬರೆಯುವುದು ವಾಡಿಕೆ. ಪ್ರೊಫೆಸರ ಪತ್ರವಿತ್ತು, ನಾನೂ ಹಾಗೇ ಬರೆಯಬಹುದಿತ್ತು. ಆದರೆ ಆ ಪೆಟ್ಟಿಗೆಯ ವಿಷಯದಲ್ಲಿ ಇನ್ನೊಂದು ಪದವನ್ನು ಹೊಡೆದುಹಾಕಲು ನನಗೆ ಮನಸ್ಸಾಗಲಿಲ್ಲ. ಟೈಪ್‌ರೈಟರಿನಲ್ಲಿ ಕಾರ್ಡು ಸರಿಮಾಡಿ ಹೊಡೆದೆ:

‘ಗಸಗಸೆ, ಬಿಳಿ, ಇಡೀ ಕಾಳು ಹತ್ತೊಂಬತ್ತು. ಇನ್ನು ಸುಮಾರು ಐದನ್ನು ಕ್ಯಾಟಲಾಗರ್ ತಿಂದಿದ್ದಾಳೆ. ಗುರುತಿಸಿದ ಕ್ರಮ: ರುಚಿ.’